ಅಟ್ಟದಿಂದ ಇಳಿದು ಬಂದ ಡಿಸ್ಕೋ!

ಕಾಲಚಕ್ರ ತಿರುಗುತ್ತದೆ ಅಂತಾರೆ ಹಿರಿಯರು. ಕ್ಯಾಸೆಟ್ಟಿನ ಚಕ್ರವೂ ಹಾಗೇ. 1980ರ ಆಸುಪಾಸಿನಲ್ಲಿ ಬೆಲ್‌ಬಾಟಂ ಪ್ಯಾಂಟು ತೊಟ್ಟು, ಕಿವಿ ಮುಚ್ಚುವ ಹಾಗೆ ಕೂದಲು ಬಿಟ್ಟು ಪೇಟೆ ಸುತ್ತುತ್ತಿದ್ದ ಪಡ್ಡೆ ಹುಡುಗರು ಇವತ್ತು ತಾತಂದಿರು. ಅಂಗಡಿ ಬಾಗಿಲು ಅರ್ಧ ಎಳೆದು ಗಲ್ಲಾ ಎಣಿಸುವ ಹೊತ್ತಿಗೋ, ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಾಗಲೋ ಅವರ ಕಿವಿ ಹುಡುಕುವುದು ಅದೇ ಹಳೇ ಪಾಪ್ ಹಾಡುಗಳನ್ನು. ಮೊಮ್ಮಗ ಫೋನಿನಲ್ಲಿ ಹುಡುಕಿ ಕೊಡುತ್ತಾನೆ. ತಾತನ ಕಾಲು ತಾನಾಗಿ ತಾಳ ಹಾಕುತ್ತದೆ. ಅಜ್ಜಿ ಮೂಗು ಮುರಿಯುತ್ತಾಳೆ. ಆದರೆ ಅವಳಿಗೂ ಹಾಡು ಬಾಯಿಪಾಠ!

ಆ ಸಾಲಿನಲ್ಲಿ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದು 1980ರ ಹಿಂದಿ ಚಿತ್ರ ‘ಕುರ್ಬಾನಿ’ಯ ಡಿಸ್ಕೋ ಹಾಡು. ಪರದೆಯ ಮೇಲೆ ಕುಣಿದವಳು ಜೀನತ್ ಅಮಾನ್. ಹಾಡಿದವಳು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿದ್ದ ನಾಜಿಯಾ ಹಸನ್, ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ. ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ-ಆನಂದ್‌ಜಿ ಸಂಗೀತ. ಈ ಒಂದಕ್ಕೆ ಮಾತ್ರ ಬೇರೆ ಕೈ. ಆ ಕೈ ಯಾರದ್ದು?

ಬೆಂಗಳೂರಿನ ಹುಡುಗ

ಹೆಸರು ಬಿದ್ದು. ಪೂರ್ತಿ ಹೇಳಿದರೆ ಬಿದ್ದು ಅಪ್ಪಯ್ಯ. ಕೊಡವ ಕುಟುಂಬದವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ರೇಡಿಯೋ ಸಿಲೋನ್‌ನಲ್ಲಿ ಬರುತ್ತಿದ್ದ ಇಂಗ್ಲಿಷ್ ಪಾಪ್ ಕೇಳಿ ತಲೆಕೆಡಿಸಿಕೊಂಡು ಗಿಟಾರ್ ಹಿಡಿದವರು. ಗೆಳೆಯರ ಜೊತೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಬೆಂಗಳೂರಿನಲ್ಲಿ ಹಾಡಿದರು. ತಂಡ ಚದುರಿದ ಮೇಲೆ ಒಂಟಿಯಾಗಿ ಕಲ್ಕತ್ತೆ, ಬೊಂಬಾಯಿಗಳಲ್ಲೂ ಹಾಡಿದರು. 1960ರ ದಶಕದ ಕೊನೆಗೆ ಲಂಡನ್ ಸೇರಿದರು.

ಅಲ್ಲಿ 1974ರಲ್ಲಿ ಅದೃಷ್ಟ ಖುಲಾಯಿಸಿತು. ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಒಂದು ಹಾಡು ಮುಗಿಸಿದ್ದರು. ರೆಕಾರ್ಡ್ ತಟ್ಟೆಯ ಹಿಂಬದಿ ತುಂಬಿಸಲು ಇನ್ನೊಂದು ಬೇಕಲ್ಲ ಅಂತ, ಉಳಿದಿದ್ದ ಸ್ವಲ್ಪ ಹೊತ್ತಿನಲ್ಲೇ ‘ಕುಂಗ್ ಫೂ ಫೈಟಿಂಗ್’ ಮುಗಿಸಿಬಿಟ್ಟರು. ಕಂಪನಿಯವರು ಕೇಳಿ ಹಿಂಬದಿಯನ್ನೇ ಮುಂಬದಿ ಮಾಡಿದರು. ಬ್ರಿಟನ್, ಅಮೆರಿಕ ಎರಡೂ ಕಡೆ ಹಾಡು ಒಂದನೇ ಸ್ಥಾನಕ್ಕೆ ಏರಿತು. ಕೈ ಬೀಸಿ, ಕಾಲೆತ್ತಿ ಆ ಹಾಡಿಗೆ ಕುಣಿದವರಲ್ಲಿ ಅದರ ಹಿಂದೆ ಬೆಂಗಳೂರಿನವರಿದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಸೋಜಿಗ ಇಷ್ಟಕ್ಕೇ ಮುಗಿಯಲಿಲ್ಲ. ‘ಕುರ್ಬಾನಿ’ ತೆಗೆದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 2009ರಲ್ಲಿ ತೀರಿಕೊಂಡಿದ್ದೂ ಅಲ್ಲೇ. 1981ರಲ್ಲಿ ಬಿದ್ದು ಅದೇ ನಾಜಿಯಾ ಮತ್ತು ಅವಳ ತಮ್ಮ ಜೊಹೇಬ್ ಜೊತೆ ‘ಡಿಸ್ಕೋ ದೀವಾನೆ’ ತಂದರು. ಅದು ಯಾವ ಸಿನಿಮಾದ್ದೂ ಅಲ್ಲ. ಸಿನಿಮಾ ಇಲ್ಲದೆಯೂ ಹಾಡು ಬಿಕರಿಯಾಗುತ್ತದೆ ಎಂದು ವ್ಯಾಪಾರಿಗಳಿಗೆ ತೋರಿಸಿಕೊಟ್ಟ ಕ್ಯಾಸೆಟ್ಟು ಅದು. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ಕ್ಕೂ ಬಿದ್ದು ಅವರದೇ ಸಂಗೀತ. ಪಾಪ, ನಾಜಿಯಾಗೆ ಆಯುಸ್ಸು ಗಟ್ಟಿಯಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ 2000ದ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಆಕೆಗೆ ಬರೀ 35.

ಚೀಟಿ ಕೊಟ್ಟು ಹಾಡು ತುಂಬಿಸಿದ ಕಾಲ

ಈ ಹಾಡುಗಳು ಜಿಲ್ಲೆಯ ಪೇಟೆಗಳಿಗೆ ಬಂದಿದ್ದು ಕ್ಯಾಸೆಟ್ಟಿನ ಬೆನ್ನೇರಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಅಂಗೈಯಗಲದ ಡಬ್ಬಿ ಅದು. ಒಳಗೆ 4 ಮಿಲಿಮೀಟರಿಗಿಂತ ಕಿರಿದಾದ ಪಟ್ಟಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 90 ಮೀಟರ್ ಉದ್ದ. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಖಾಲಿ ಕ್ಯಾಸೆಟ್ಟಿನ ಜೊತೆ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರೋದು. ‘ನಾಳೆ ಬಾರಪ್ಪ’ ಅಂದರೆ ನಾಲ್ಕು ದಿನ ಎಂದೇ ಲೆಕ್ಕ. ಹಾಗೆ ಕಾದು ಪಡೆದಿದ್ದು ಮರೆಯುತ್ತದೆಯೇ? ಹದಿಹರೆಯದಿಂದ ಇಪ್ಪತ್ತರ ಹರೆಯದವರೆಗೆ ಕೇಳಿದ ಹಾಡುಗಳೇ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತವೆ ಎಂದು ಮನಃಶಾಸ್ತ್ರಜ್ಞರೂ ಹೇಳುತ್ತಾರೆ.

ಗುಜರಿಗೆ ಹಾಕುವ ಮುನ್ನ

ಹಾಡು ಹೇಗೂ ಫೋನಿನಲ್ಲಿ ಸಿಗುತ್ತೆ, ಅಟ್ಟದ ಮೇಲಿನ ಡಬ್ಬ ಯಾಕೆ ಅನ್ನುವವರು ಒಂದು ನಿಮಿಷ ನಿಲ್ಲಬೇಕು. ಆಗಿನ ಟೇಪ್‌ರೆಕಾರ್ಡರಿನಲ್ಲಿ ಒಂದು ಕೆಂಪು ಬಟನ್ ಇತ್ತು. ಅದನ್ನು ಒತ್ತದ ಮನೆ ಎಷ್ಟಿದ್ದಾವು? ಡಿಸ್ಕೋ ಹಾಡಿನ ನಡುವೆಯೇ ಮಗುವಿನ ತೊದಲು ಮಾತು, ನಾಮಕರಣದ ದಿನ ಅಜ್ಜಿ ಹೇಳಿದ ಜೋಗುಳ, ‘ಆಫ್ ಮಾಡೋ ಅದನ್ನ’ ಎಂಬ ಅಪ್ಪನ ಗದರಿಕೆ. ಫೋಟೋದಲ್ಲಿ ಅಪ್ಪನ ಮುಖ ಉಳಿದಿದೆ. ದನಿ ಉಳಿದಿರುವುದು ಅಲ್ಲಿ ಮಾತ್ರ.

ಆ ಪಟ್ಟಿ ಚಿರಂಜೀವಿಯಲ್ಲ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸುತ್ತು ಸುತ್ತಿಗೆ ಅಂಟಿಕೊಳ್ಳುತ್ತದೆ. ಮಷೀನಿನ ರಬ್ಬರ್ ಬೆಲ್ಟು ಡಾಂಬರಿನಂತೆ ಕರಗಿರುತ್ತದೆ. ಅದನ್ನು ರಿಪೇರಿ ಮಾಡಬಲ್ಲ ಹಳೇ ಮೆಕ್ಯಾನಿಕ್ಕುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಾಳೆ ಅಂದರೆ ಕೆಟ್ಟಂತೆಯೇ.

ಹಾಗಾದರೆ ಮಾಡೋದೇನು? ಸಿಕ್ಕಿದ ತಕ್ಷಣ ಮಷೀನಿಗೆ ತುರುಕಬಾರದು. ಬಿಳಿ ಬೂಷ್ಟು ಕಂಡರೆ ಅದನ್ನು ಹಾಕಲೇಬಾರದು, ಬಲ್ಲವರಿಗೆ ಕೊಡಬೇಕು. ಮೊದಲು ಡಬ್ಬಿಯ ಮೇಲಂಚಿನ ಎರಡು ಪುಟ್ಟ ಹಲ್ಲು ಮುರಿಯಬೇಕು. ಆಗ ತಪ್ಪಿ ಕೆಂಪು ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಪೆನ್ಸಿಲ್ ತೂರಿಸಿ ನಾಲ್ಕು ಸುತ್ತು ತಿರುಗಿಸಿ, ಸಲೀಸಾಗಿ ಬರುತ್ತದೆಯೇ ನೋಡಬೇಕು. ಮಷೀನಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಆರಲು ಬಿಡಬೇಕು. ಬೆಲೆಯಿಲ್ಲದ ಬೇರೊಂದು ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ, ಆಮೇಲೆ ನಮ್ಮದು. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಕೊಟ್ಟರೆ ಪ್ರತಿ ತೆಗೆಯಬಹುದು. ಗಂಟೆಯ ಕ್ಯಾಸೆಟ್ಟಿಗೆ ಗಂಟೆಯೇ ಬೇಕು, ಅವಸರ ನಡೆಯದು.

‘ಕುರ್ಬಾನಿ’ಯ ಹಾಡಿಗೆ ಜಗತ್ತಿನಲ್ಲಿ ಲಕ್ಷಾಂತರ ಪ್ರತಿಗಳಿವೆ. ಅಜ್ಜಿಯ ಜೋಗುಳಕ್ಕೆ ಇರುವುದು ಒಂದೇ. ಬರುವ ಭಾನುವಾರ ಅಂಗಡಿಗೆ ರಜಾ ಇದ್ದವರು ಒಮ್ಮೆ ಅಟ್ಟ ಹತ್ತಿ ನೋಡುವುದು ಒಳ್ಳೆಯದು.