ದೇಶಗಳ ತಲಾ ಇಂಗಾಲ: ನಮ್ಮ ರಾಸುಗಳ ಪಾಲೆಷ್ಟು?



ಸಂಘಗಳಿಗೆ ಭೇಟಿ ಕೊಟ್ಟಾಗಲೆಲ್ಲ ಈಗ ಒಂದು ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಭೂಮಿ ಬಿಸಿಯಾಗಲು ದನಗಳೇ ಕಾರಣವಂತೆ, ನಿಜವೇ?" ಉತ್ತರಕ್ಕೆ ಮೊದಲು ಲೆಕ್ಕದ ಬಗೆ ತಿಳಿಯಬೇಕು.

ಒಂದು ಸಂಘದಲ್ಲಿ 300 ಮಂದಿ ಸೇರಿ ದಿನಕ್ಕೆ 1,500 ಲೀಟರ್ ಹಾಲು ಹಾಕುತ್ತಾರೆ ಎನ್ನಿ. ಪಕ್ಕದ ಊರಿನಲ್ಲಿ 50 ಮಂದಿ 600 ಲೀಟರ್ ಹಾಕುತ್ತಾರೆ. ಒಟ್ಟು ನೋಡಿದರೆ ಮೊದಲನೆಯದೇ ದೊಡ್ಡದು. ತಲಾ ನೋಡಿದರೆ ಅಲ್ಲಿ 5 ಲೀಟರ್, ಇಲ್ಲಿ 12! ದೇಶಗಳ ಹೊಗೆಯ ಲೆಕ್ಕವೂ ಹೀಗೆಯೇ.

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮೊದಲಾದ ಇಂಧನಗಳಿಂದ 2023ರಲ್ಲಿ ಭಾರತ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 300 ಕೋಟಿ ಟನ್. ಚೀನಾ, ಅಮೆರಿಕಗಳ ನಂತರ ನಮ್ಮದು ಮೂರನೇ ಸ್ಥಾನ. ಆದರೆ 140 ಕೋಟಿಗೂ ಮಿಕ್ಕ ಜನರಿಗೆ ಹಂಚಿದರೆ ತಲೆಗೆ 2 ಟನ್ ಮಾತ್ರ. ಚೀನಾದಲ್ಲಿ ಇದು ಸುಮಾರು 8, ಅಮೆರಿಕದಲ್ಲಿ 14 ಟನ್.

ಈ ಲೆಕ್ಕದಲ್ಲಿ ದನಗಳು ಸೇರಿಲ್ಲ. ರಾಸಿನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಅರಗಿಸುವಾಗ ಮೀಥೇನ್ ಅನಿಲ ಹುಟ್ಟಿ, ಹೆಚ್ಚಾಗಿ ತೇಗಿನ ಮೂಲಕ ಹೊರಬರುತ್ತದೆ. (ಹಿಂಬದಿಯಿಂದ ಎಂದು ನಗುವವರಿದ್ದಾರೆ, ಅದು ತಪ್ಪು.) ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆದ್ದರಿಂದ ದನಗಳ ಪಾಲು ಇಲ್ಲವೆನ್ನಲಾಗದು. ಆದರೆ ಇದನ್ನೂ ಇತರ ಅನಿಲಗಳನ್ನೂ ಸೇರಿಸಿದರೂ ಭಾರತದ ತಲಾ ಪಾಲು 3 ಟನ್ನಿನ ಆಸುಪಾಸಿನಲ್ಲೇ ಇದೆ.

ಹೈನುಗಾರಿಕೆಗೇ ಹೆಸರಾದ ನ್ಯೂಜಿಲೆಂಡನ್ನು ನೋಡಿ. ಜನ ಸುಮಾರು 50 ಲಕ್ಷ, ದನ ಸುಮಾರು ಒಂದು ಕೋಟಿ! ತಲಾ ಲೆಕ್ಕ ಸುಮಾರು 15 ಟನ್, ಅದರಲ್ಲಿ ಅರ್ಧದಷ್ಟು ಕೃಷಿ ಮತ್ತು ಪಶುಪಾಲನೆಯದು. ಆದರೆ ಅಲ್ಲಿನ ಹಾಲಿನ ಬಹುಪಾಲು ಪುಡಿ, ಬೆಣ್ಣೆಯಾಗಿ ಹೊರದೇಶಗಳಿಗೆ ಹೋಗುತ್ತದೆ. ಉಣ್ಣುವವರು ಬೇರೆ, ಲೆಕ್ಕ ಬೀಳುವುದು ಸಾಕಿದವರ ಹೆಸರಿಗೆ. ತಲಾ ಲೆಕ್ಕದಲ್ಲೂ ಇಂತಹ ಓರೆ ಇದೆ.

ಲೀಟರ್ ಲೆಕ್ಕಕ್ಕೆ ಬಂದರೆ ಮಾತ್ರ ನಾವು ಹಿಂದೆ. ಒಂದು ಲೀಟರ್ ಹಾಲಿಗೆ ಅವರ ಹಸು ಬಿಡುವ ಮೀಥೇನ್ ನಮ್ಮ ಸರಾಸರಿಗಿಂತ ಕಡಿಮೆ. ಹನ್ನೆರಡು ಲೀಟರ್ ಕರೆಯುವ ಹಸು ನಾಲ್ಕು ಲೀಟರಿನ ಹಸುವಿಗಿಂತ ಹೆಚ್ಚು ತಿನ್ನುತ್ತದೆ, ಹೆಚ್ಚು ತೇಗುತ್ತದೆ, ನಿಜ. ಆದರೆ ಮೂರು ಪಟ್ಟು ಅಲ್ಲ. ಗಬ್ಬವಾಗದೆ ವರ್ಷಗಟ್ಟಲೆ ಬರಿದೇ ನಿಂತ ರಾಸಂತೂ ಹಾಲಿಲ್ಲದೆಯೇ ತೇಗುತ್ತಿರುತ್ತದೆ, ನಿಮ್ಮ ಮೇವನ್ನೂ ಮುಗಿಸುತ್ತದೆ. ಬರಿ ಹುಲ್ಲಿನ ಜೊತೆ ಹಸಿರು ಮೇವು, ಖನಿಜ ಮಿಶ್ರಣ ಕೊಡಿ. ಕರು ಹಾಕಿ ಮೂರು ತಿಂಗಳಾದರೂ ಬೆದೆಗೆ ಬಾರದ ರಾಸಿದ್ದರೆ ಸಂಘದ ಕಾರ್ಯದರ್ಶಿಗೆ ತಿಳಿಸಿ, ತಪಾಸಣೆ ಮಾಡಿಸಿ.