ಒಂದೇ ಸೈಟಿಗೆ ಮೂರು ರೇಟು: ಇದರಲ್ಲಿ ಸಾಚಾ ಯಾವುದು?

ಮೈಸೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಕಟ್ಟುವುದಿರಲಿ, ಕಟ್ಟಲು ಬೇಕಾದ ಮೂವತ್ತು-ನಲವತ್ತು ಸೈಟಿನ ರೇಟು ಎಷ್ಟೆಂದು ತಿಳಿಯುವುದೇ ದೊಡ್ಡ ಸಾಹಸವಾಗಿದೆ.

ಸಿಟಿ ಬಸ್ಸಿನಲ್ಲಿ ಬೋಗಾದಿಯಿಂದ ಅಗ್ರಹಾರಕ್ಕೆ ಬರುವಷ್ಟರಲ್ಲಿ ಒಂದೇ ಬಡಾವಣೆಗೆ ನಾಲ್ಕು ರೇಟು ಕಿವಿಗೆ ಬೀಳುತ್ತದೆ. "ಮೊನ್ನೆ ಅಷ್ಟಕ್ಕೆ ಹೋಯ್ತಂತೆ ಕಣ್ರೀ" ಅಂತ ಒಬ್ಬರು. "ಛೆ ಛೆ, ಅದು ಬ್ರೋಕರ್ ಬಿಟ್ಟ ಬುರುಡೆ" ಅಂತ ಇನ್ನೊಬ್ಬರು. ಇಬ್ಬರ ಮಾತಿಗೂ ಆಧಾರವಿಲ್ಲ. ಆದರೆ ಇಂಥ ಮಾತಿನ ಮೇಲೇ ಜನ ಜೀವಮಾನದ ಉಳಿತಾಯವನ್ನು ಸುರಿಯುತ್ತಿದ್ದಾರೆ.

ಮೂರು ರೇಟಿನ ಕಥೆ

ಯಾವ ಸೈಟಿಗೂ ಇಲ್ಲಿ ಒಂದು ರೇಟಿಲ್ಲ, ಮೂರಿದೆ. ಮೊದಲನೆಯದು ಹೇಳುವ ರೇಟು. ಮಾಲೀಕ ಕೇಳುವುದು, ಬ್ರೋಕರು ಊರೆಲ್ಲ ಸಾರುವುದು ಇದನ್ನು. ಎರಡನೆಯದು ಕೊಡುವ ರೇಟು. ಚೌಕಾಸಿಯೆಲ್ಲ ಮುಗಿದ ಮೇಲೆ ನಿಜವಾಗಿ ಕೈ ಬದಲಾಗುವ ಹಣ ಅದು. ಮೂರನೆಯದು ಬರೆಯುವ ರೇಟು, ಅಂದರೆ ಕ್ರಯಪತ್ರದಲ್ಲಿ ಕಾಣುವ ಮೊತ್ತ.

ಈ ಮೂರನೆಯದು ಬಹುಪಾಲು ಸರ್ಕಾರದ ಮಾರ್ಗಸೂಚಿ ದರದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದಕ್ಕಿಂತ ಕಡಿಮೆ ಬರೆದರೆ ಉಪನೋಂದಣಾಧಿಕಾರಿ ಒಪ್ಪುವುದಿಲ್ಲ. ಹೆಚ್ಚು ಬರೆದರೆ ಕೊಳ್ಳುವವರ ಜೇಬಿಗೆ ಭಾರ. ಹೀಗಾಗಿ "ಹೇಳೋದೇ ಬೇರೆ, ಬರೆಯೋದೇ ಬೇರೆ ಸ್ವಾಮಿ" ಎಂಬುದು ನೋಂದಣಿ ಕಚೇರಿಯ ಮುಂದಿನ ಟೀ ಅಂಗಡಿಯಲ್ಲಿ ವೇದವಾಕ್ಯವಾಗಿದೆ.

ಮಾರ್ಗಸೂಚಿ ದರವಾದರೂ ಮಾರುಕಟ್ಟೆಯ ಜೊತೆ ಹೆಜ್ಜೆ ಹಾಕುತ್ತದೆಯೇ? ಅದೂ ಇಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಂದು ಈ ದರ ಪರಿಷ್ಕರಣೆಯಾಯಿತು. ಅದಕ್ಕೆ ಮುಂಚೆ ಸುಮಾರು ಐದು ವರ್ಷ ಅಲ್ಲಾಡಿರಲಿಲ್ಲ. ನಡುವೆ 2022ರ ಆರಂಭದಲ್ಲಿ ಶೇ. 10ರ ರಿಯಾಯಿತಿಯನ್ನೂ ಕೊಟ್ಟದ್ದುಂಟು! ಅಷ್ಟು ವರ್ಷ ಕ್ರಯಪತ್ರ ನೋಡಿ ಬೆಲೆ ಲೆಕ್ಕ ಹಾಕಿದವರಿಗೆ ಊರು ನಿಂತಲ್ಲೇ ನಿಂತಂತೆ ಕಂಡಿರಬೇಕು. 2023ರ ಅಕ್ಟೋಬರಿನಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಬೆಲೆ ಹಾರಿದಂತೆ ಕಂಡಿರಬೇಕು. ಎರಡೂ ನಿಜವಲ್ಲ.

ಸರಾಸರಿ ಎಂಬ ಮಾಯೆ

"ನಮ್ಮ ಏರಿಯಾದಲ್ಲಿ ಸರಾಸರಿ ಅರವತ್ತು ಲಕ್ಷ" ಎಂದು ಯಾರಾದರೂ ಹೇಳಿದರೆ ಕೊಂಚ ತಾಳಿ. ಒಂದು ರಸ್ತೆಯಲ್ಲಿ ಐದು ಮನೆ ಮಾರಾಟವಾಯಿತು ಅಂತ ಇಟ್ಟುಕೊಳ್ಳಿ. 30 ಲಕ್ಷ, 32, 35, 38, ಮೂಲೆಯ ಬಂಗಲೆ 1 ಕೋಟಿ 65 ಲಕ್ಷ. ಒಟ್ಟು 3 ಕೋಟಿ, ಐದರಿಂದ ಭಾಗಿಸಿದರೆ ಸರಾಸರಿ 60 ಲಕ್ಷ. ಆದರೆ ಆ ರಸ್ತೆಯಲ್ಲಿ 60 ಲಕ್ಷಕ್ಕೆ ಕೊಂಡವರು ಒಬ್ಬರೂ ಇಲ್ಲ! ಐದರಲ್ಲಿ ನಾಲ್ಕು ಮನೆ 40 ಲಕ್ಷದೊಳಗೇ ಹೋಗಿವೆ. ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿದರೆ 35 ಲಕ್ಷ. ಮಧ್ಯಮ ವರ್ಗದವನಿಗೆ ಬೇಕಾದ ಲೆಕ್ಕ ಈ ನಡುವಿನದು, ಸರಾಸರಿಯದಲ್ಲ.

ಬಂಗಲೆಯ ರೇಟು ಕೇಳಿ ಪಕ್ಕದ ಹೆಂಚಿನ ಮನೆಯವನೂ 60 ಕೇಳುತ್ತಾನೆ. ಅಲ್ಲಿಗೆ ಗಾಳಿ ಹಬ್ಬಿತು. ಈ ಗಾಳಿಯ ಬಿಸಿ ಮೊದಲು ತಟ್ಟುವುದು ಬಾಡಿಗೆ ಅಂಗಡಿಯವನಿಗೆ. ಶಿವರಾಂಪೇಟೆಯಲ್ಲೋ ಸಂತೇಪೇಟೆಯಲ್ಲೋ "ಪಕ್ಕದ ಬಿಲ್ಡಿಂಗು ಕೋಟಿಗಟ್ಟಲೆ ಹೋಯ್ತಂತೆ" ಎಂಬ ಸುದ್ದಿ ಬಂದ ಮರುತಿಂಗಳೇ ಮಾಲೀಕರು ಬಾಡಿಗೆ ಏರಿಸಿ, ಅಡ್ವಾನ್ಸು ಹೆಚ್ಚಿಸಿ ಅನ್ನುತ್ತಾರೆ. ವ್ಯಾಪಾರ ಏರದಿದ್ದರೂ ಬಾಡಿಗೆ ಏರುತ್ತದೆ.

ಪತ್ರಿಕೆಗಳಲ್ಲಿ ಬರುವ ಮನೆ ಬೆಲೆ ಸೂಚ್ಯಂಕ ನೋಡಿದರೂ ಮೈಸೂರಿನವರಿಗೆ ಪ್ರಯೋಜನ ಅಷ್ಟಕ್ಕಷ್ಟೇ. ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ನೋಂದಣಿ ಇಲಾಖೆಗಳ ಅಂಕಿಅಂಶದಿಂದಲೇ ಈ ಸೂಚ್ಯಂಕ ತಯಾರಿಸುತ್ತದೆ. ಬಹುಕಾಲ ಅದರಲ್ಲಿದ್ದದ್ದು ದೇಶದ 10 ನಗರ, ಕರ್ನಾಟಕದಿಂದ ಬೆಂಗಳೂರು ಒಂದೇ. ಬೆಂಗಳೂರಿನ ಜ್ವರ ನೋಡಿ ಮೈಸೂರಿಗೆ ಮಾತ್ರೆ ಕೊಡಲಾದೀತೇ?

ಒಂದೊಂದು ದಿಕ್ಕಿಗೆ ಒಂದೊಂದು ಗಾಳಿ

ಮೈಸೂರು ಯೋಜನೆ ಹಾಕಿಕೊಂಡು ಬೆಳೆದ ಊರು. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. 1988ರಲ್ಲಿ ಅದು ಮುಡಾ ಆಯಿತು, ಈಗ ಎಂ.ಡಿ.ಎ. ಹಿಂದೆಲ್ಲ ಸೈಟು ಎಂದರೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಹಂಚಿಕೆ ಪತ್ರ ಹಿಡಿದು ಬರುವುದು. ಕುವೆಂಪುನಗರ, ವಿಜಯನಗರದ ಎಷ್ಟೋ ಮನೆಗಳು ಹೀಗೆ ನೌಕರರು, ಮೇಷ್ಟ್ರುಗಳು ಕಟ್ಟಿಕೊಂಡವು. ಆ ಬಾಗಿಲು ಕಿರಿದಾದಂತೆ ಜನ ಖಾಸಗಿ ಲೇಔಟುಗಳ ಕಡೆ ಮುಖ ಮಾಡಿದರು. ಊರು ರಿಂಗ್ ರೋಡು ದಾಟಿತು.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರು ರಸ್ತೆಯ ಮಾತೇ ಬೇರೆಯಾಯಿತು. ರಾಜಧಾನಿಯಲ್ಲಿ ಸಣ್ಣ ಫ್ಲಾಟಿಗೆ ಸಾಲದ ದುಡ್ಡು ಇಲ್ಲಿ ಸೈಟಿಗೂ ಸಾಕು, ಮನೆಗೂ ಆಗುತ್ತದೆ ಎಂಬ ಲೆಕ್ಕ ಹಾಕಿ ಬರುವವರಿದ್ದಾರೆ. ಹೆಬ್ಬಾಳು, ಹೂಟಗಳ್ಳಿ, ಇಲವಾಲದ ಕಡೆ ಕಾರ್ಖಾನೆ ಮತ್ತು ಸಾಫ್ಟ್‌ವೇರ್ ಕಂಪನಿಗಳ ಸಂಬಳದ ಬಲವಿದೆ. ನಂಜನಗೂಡು ರಸ್ತೆಯಲ್ಲಿ ಕಡಕೊಳದ ಕೈಗಾರಿಕೆ, ಮಂಡಕಳ್ಳಿ ವಿಮಾನ ನಿಲ್ದಾಣ. ತಿ. ನರಸೀಪುರ ರಸ್ತೆಯ ವರುಣದ ಕಡೆ ಕೊಳ್ಳುವವರಲ್ಲಿ ಇಂದೇ ಮನೆ ಕಟ್ಟುವವರಿಗಿಂತ "ಮುಂದೆ ಆದೀತು" ಎಂದು ಹಾಕಿಡುವವರೂ ಇದ್ದಾರೆ.

ನಾಲ್ಕು ದಿಕ್ಕಿಗೂ ಸೇರಿಸಿ ಒಂದು "ಮೈಸೂರು ರೇಟು" ಹೇಳಿದರೆ ಹುಣಸೂರಿಂದ ದಿನಾ ಬಸ್ಸಿನಲ್ಲಿ ಬರುವ ಗುಮಾಸ್ತನಿಗೆ ಅದರಿಂದ ಏನು ಗೊತ್ತಾದೀತು? ಅವನ ಲೆಕ್ಕದಲ್ಲಿ ಸೈಟಿನ ರೇಟಿನ ಜೊತೆ ಬಸ್ ಪಾಸು, ಕಾವೇರಿ ನೀರು ಬರುತ್ತೋ ಇಲ್ಲವೋ, ಒಳಚರಂಡಿ ಇದೆಯೋ ಇಲ್ಲವೋ ಎಲ್ಲ ಸೇರಬೇಕು.

ಮಾರಾಟ ಬಿತ್ತೇ? ಇಲ್ಲ, ತಾರೀಖು ಬಂತು!

ಬೆಲೆಯಂತೆ ಮಾರಾಟದ ಸಂಖ್ಯೆಯೂ ಮೋಸ ಮಾಡುತ್ತದೆ. 2023ರ ಸೆಪ್ಟೆಂಬರ್ ಕೊನೆಯ ವಾರ ರಾಜ್ಯದ ನೋಂದಣಿ ಕಚೇರಿಗಳಲ್ಲಿ ಜಾತ್ರೆ. ಹೊಸ ದರ ಬರುವ ಮುಂಚೆ ಮುಗಿಸಿಕೊಳ್ಳೋಣ ಎಂದು ಜನ ಮುಗಿಬಿದ್ದು, ಒಂದೇ ದಿನ 300 ಕೋಟಿ ರೂಪಾಯಿಗೂ ಹೆಚ್ಚು ಸರ್ಕಾರದ ಬೊಕ್ಕಸಕ್ಕೆ ಬಿತ್ತು. ಅದನ್ನು ನೋಡಿ ಮಾರುಕಟ್ಟೆ ಭರ್ಜರಿ ಎಂದವರು, ಮುಂದಿನ ತಿಂಗಳು ಕಚೇರಿ ಭಣಗುಟ್ಟಿದ್ದು ನೋಡಿ ಮಾರುಕಟ್ಟೆ ಮಲಗಿತು ಎಂದರು. ಜನ ಅದೇ, ಸೈಟು ಅದೇ. ಬದಲಾದದ್ದು ತಾರೀಖು.

2024ರ ಅಕ್ಟೋಬರ್‌ನಿಂದ ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಖಾತೆ ಕೈಗೆ ಬರುವವರೆಗೆ ಎಷ್ಟೋ ವ್ಯವಹಾರ ತೂಗಾಡಿದವು. 2025ರ ಆರಂಭದಲ್ಲಿ ನೋಂದಣಿಯ ಕಾವೇರಿ ತಂತ್ರಾಂಶಕ್ಕೆ ಕಿಡಿಗೇಡಿಗಳ ದಾಳಿಯಾಗಿ ಸರ್ವರ್ ಕೈಕೊಟ್ಟಿತು, ನೋಂದಣಿ ಕುಸಿಯಿತು. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಯಿತು. ಇಷ್ಟರ ನಡುವೆ "ಈ ತಿಂಗಳು ಮಾರಾಟ ಇಷ್ಟು ಬಿದ್ದಿದೆ, ಬೆಲೆ ಇಳಿಯುತ್ತೆ" ಅಂತ ಕಾದು ಕೂತವರು, "ಏರಿದೆ, ಈಗಲೇ ಹಿಡಿ" ಅಂತ ಓಡಿದವರು ಇಬ್ಬರೂ ಬೇಸ್ತು.

ಶುಲ್ಕ ಏರಿದ್ದರ ಬಿಸಿ ಎಷ್ಟು? ನಗರದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6, ನೋಂದಣಿ 2. ಒಟ್ಟು ಶೇ. 7.6. ಮೂವತ್ತು ಲಕ್ಷದ ಸೈಟಿಗೆ 2 ಲಕ್ಷ 28 ಸಾವಿರ. ಹಿಂದೆ 1 ಲಕ್ಷ 98 ಸಾವಿರವಿತ್ತು. ಮೂವತ್ತು ಸಾವಿರ ಹೆಚ್ಚಿಗೆ ಎಂದರೆ ಸಣ್ಣ ಸಂಬಳದವನಿಗೆ ಎರಡು ತಿಂಗಳ ದುಡಿಮೆ.

ಉಳಿಸಿದ್ದು ಒಂದೂವರೆ, ಕಳಕೊಂಡದ್ದು ಎರಡೂವರೆ

ಶುಲ್ಕ ಏರಿದಷ್ಟೂ ಕಡಿಮೆ ಬರೆಯುವ ಚಪಲ ಏರುತ್ತದೆ. ಇಲ್ಲೇ ಜನ ಬೀಳುವುದು. ಲೆಕ್ಕ ನೋಡಿ.

ನಿಜವಾಗಿ 50 ಲಕ್ಷಕ್ಕೆ ಕುದುರಿದ ಮನೆ, ಕ್ರಯಪತ್ರದಲ್ಲಿ ಬರೆದದ್ದು 30 ಲಕ್ಷ. ಬಚ್ಚಿಟ್ಟ 20 ಲಕ್ಷದ ಮೇಲೆ ಶೇ. 7.6, ಅಂದರೆ 1 ಲಕ್ಷ 52 ಸಾವಿರ ಉಳಿಯಿತು. ಕೊಂಡವನು ಬುದ್ಧಿವಂತ ಅನ್ನಿಸಿಕೊಂಡ.

ಆದರೆ ಬ್ಯಾಂಕು ಸಾಲ ಕೊಡುವುದು ಕಾಗದ ನೋಡಿ. ಬೆಲೆಯ ಶೇ. 80 ಕೊಟ್ಟಿತೆಂದು ಹಿಡಿದರೆ 50 ಲಕ್ಷಕ್ಕೆ 40 ಲಕ್ಷ ಸಿಗಬೇಕಿತ್ತು, 30 ಲಕ್ಷಕ್ಕೆ ಸಿಕ್ಕಿದ್ದು 24. ಕೈಯಿಂದ 10 ಲಕ್ಷ ಹಾಕಬೇಕಾದ ಕಡೆ 26 ಲಕ್ಷ ಹಾಕಬೇಕು. ಕೊರತೆಯ ಹದಿನಾರು ಲಕ್ಷಕ್ಕೆ ಹೆಂಡತಿಯ ಒಡವೆ, ಚೀಟಿ, ಮೀಟರ್ ಬಡ್ಡಿ!

ಮೂರು ವರ್ಷದ ಮೇಲೆ ಅದೇ ಮನೆ 60 ಲಕ್ಷಕ್ಕೆ ಹೋಯಿತು, ಕೊಳ್ಳುವವನು ಬ್ಯಾಂಕ್ ಸಾಲದವನು, ಪೂರ್ತಿ ಬರೆಯಲೇಬೇಕು ಅಂತ ಕೂತ. ಆಗ ನಿಜವಾದ ಲಾಭ 10 ಲಕ್ಷವಾದರೂ ಕಾಗದದಲ್ಲಿ ಲಾಭ 30 ಲಕ್ಷ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ತೆರಿಗೆ ಶೇ. 12.5. ಸೆಸ್ಸು ಮುಂತಾದವು ಬಿಟ್ಟರೂ ಕಟ್ಟಬೇಕಾದ್ದು 1 ಲಕ್ಷ 25 ಸಾವಿರದ ಬದಲು 3 ಲಕ್ಷ 75 ಸಾವಿರ. ಅಂದು ಉಳಿಸಿದ್ದು ಒಂದೂವರೆ ಲಕ್ಷ, ಇಂದು ಹೆಚ್ಚಿಗೆ ತೆತ್ತದ್ದು ಎರಡೂವರೆ ಲಕ್ಷ. ಮುಡಿ ಉಳಿಸಲು ಹೋಗಿ ಮೂಗು ಕೊಟ್ಟ ಹಾಗೆ.

ಕೈಗೆ ಕೈ ಕೊಟ್ಟ ಹಣಕ್ಕೆ ರಸೀದಿಯೂ ಇಲ್ಲ. ವ್ಯವಹಾರ ಮುರಿದರೆ ಕೇಳುವ ಹಕ್ಕೂ ಇಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದು 2015ರ ಜೂನ್‌ನಿಂದಲೇ ನಿಷಿದ್ಧ ಎಂಬುದು ಹಲವರಿಗೆ ನೋಟೀಸು ಬಂದಾಗಲೇ ತಿಳಿಯುವುದು.

ರೈತನಿಗೂ ಏಟು

ಇದರ ಇನ್ನೊಂದು ಮುಖ ಪಟ್ಟಣದವರ ಕಣ್ಣಿಗೆ ಬೀಳುವುದಿಲ್ಲ. 2013ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರ ಗೊತ್ತು ಮಾಡುವಾಗ ಮಾರ್ಗಸೂಚಿ ದರವನ್ನೂ, ಸುತ್ತಮುತ್ತ ಹಿಂದಿನ ಮೂರು ವರ್ಷ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದು ಅದರ ಸರಾಸರಿಯನ್ನೂ ನೋಡುತ್ತಾರೆ. ಊರಿಗೆ ಊರೇ ಕಡಿಮೆ ಬರೆದಿದ್ದರೆ ಸರಾಸರಿ ಎಲ್ಲಿಂದ ಏರೀತು? ರಸ್ತೆಗೋ ಕಾರ್ಖಾನೆಗೋ ಜಮೀನು ಹೋದ ರೈತ ಕಚೇರಿಗೆ ಅಲೆದು "ನಮ್ಮ ಕಡೆ ಎಕರೆಗೆ ಅಷ್ಟು ಹೋಗ್ತದೆ ಬುದ್ಧಿ" ಎಂದರೆ, "ಎಲ್ಲಪ್ಪಾ ಕಾಗದ?" ಅಂತ ಕೇಳುತ್ತಾರೆ. ಅಕ್ಕಪಕ್ಕದವರು ಬರೆದ ಸುಳ್ಳು ಇವನ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಅಗ್ಗದ ಸೈಟಿನ ಗುಟ್ಟು

ಸುತ್ತಲಿನ ರೇಟಿಗಿಂತ ಅರ್ಧಕ್ಕೇ ಸೈಟು ಸಿಗುತ್ತಿದೆ ಎಂದರೆ ಅದು ಅದೃಷ್ಟವಲ್ಲ, ಎಚ್ಚರಿಕೆಯ ಗಂಟೆ. ಬಹುಪಾಲು ಅದು ಅಲಿನೇಷನ್ ಆಗದ ಜಮೀನಿನಲ್ಲಿ ಕಲ್ಲು ನೆಟ್ಟ ರೆವಿನ್ಯೂ ಸೈಟು. ಹಳ್ಳಿ ಕಡೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. "ಸದ್ಯಕ್ಕೆ ಜಿ.ಪಿ.ಎ. ಮಾಡಿಕೊಳ್ಳಿ, ಆಮೇಲೆ ಸರಿ ಹೋಗುತ್ತೆ" ಎಂಬ ಬಣ್ಣದ ಮಾತಿಗೆ ಮರುಳಾಗಬಾರದು. ಬರೀ ಜಿ.ಪಿ.ಎ. ಮೇಲೆ ಮಾರಿದರೆ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ.

ರೇಟು ಪತ್ತೆ ಮಾಡುವುದು ಹೇಗೆ? ಮಾರ್ಗಸೂಚಿ ದರ ಕಾವೇರಿ ಜಾಲತಾಣದಲ್ಲಿ ಬಡಾವಣೆವಾರು ಯಾರಿಗೂ ಸಿಗುತ್ತದೆ. ಅದು ಬುಡ, ಅದರ ಕೆಳಗೆ ಬೆಲೆ ಹೇಳಿದರೆ ಅನುಮಾನಿಸಬೇಕು. ಅದೇ ರಸ್ತೆಯಲ್ಲಿ ಬ್ಯಾಂಕ್ ಸಾಲದ ಮೇಲೆ ಇತ್ತೀಚೆಗೆ ಕೊಂಡ ಎರಡು ಮೂರು ಮನೆಯವರನ್ನು ವಿಚಾರಿಸಬೇಕು, ಸಾಲದ ಕಾಗದ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ. ಒಬ್ಬ ಬ್ರೋಕರಿನ ಮಾತಿಗಿಂತ ಮೂವರನ್ನು ಕೇಳಿ ನಡುವಿನ ರೇಟು ಹಿಡಿಯಬೇಕು. ಋಣಭಾರ ಪತ್ರ, ಖಾತೆ, ಕಂದಾಯ ರಸೀದಿ ನೋಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬಾರದು.

ಸಾಲದ ಬಡ್ಡಿಯನ್ನೂ ಮರೆಯುವಂತಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ನಾಲ್ಕು ಕಂತಿನಲ್ಲಿ ಒಟ್ಟು ಶೇ. 1.25 ಇಳಿಸಿತು. 20 ಲಕ್ಷದ 20 ವರ್ಷದ ಸಾಲಕ್ಕೆ ಶೇ. 9ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 18 ಸಾವಿರ, ಶೇ. 8 ಆದರೆ 16,700ರ ಸುಮಾರು. ಆದರೆ ಬಡ್ಡಿ ಇಳಿದ ಸುದ್ದಿ ಮಾಲೀಕರ ಕಿವಿಗೂ ಬೀಳುತ್ತದಲ್ಲ! ಕಂತಿನಲ್ಲಿ ಉಳಿದದ್ದು ರೇಟಿನಲ್ಲಿ ಹೋಗದಂತೆ ನೋಡಿಕೊಳ್ಳುವುದು ಕೊಳ್ಳುವವರ ಕೆಲಸ.

ಇಲಾಖೆಯ ಕೆಲಸವೂ ಒಂದಿದೆ. ಪ್ರತಿಯೊಂದು ಕ್ರಯಪತ್ರದ ಮೊತ್ತ, ಅಳತೆ, ತಾರೀಖು ಎಲ್ಲ ಈಗ ಗಣಕಯಂತ್ರದಲ್ಲಿದೆ. ಮೂರು ತಿಂಗಳಿಗೊಮ್ಮೆ ಬಡಾವಣೆವಾರು ಎಷ್ಟು ಮಾರಾಟವಾಯಿತು, ಚದರಡಿಗೆ ನಡುವಿನ ರೇಟು ಎಷ್ಟು ಎಂಬ ಒಂದು ಹಾಳೆಯನ್ನು ಉಪನೋಂದಣಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿದರೆ ಸಾಕು, ಅರ್ಧ ಬುರುಡೆ ನಿಲ್ಲುತ್ತದೆ. ಮಾರ್ಗಸೂಚಿ ದರವನ್ನು ಐದು ವರ್ಷ ಮಲಗಿಸಿ ಒಮ್ಮೆಲೇ ಎಬ್ಬಿಸುವ ಬದಲು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಸರಿಪಡಿಸಿದರೆ ಕೊನೆಯ ವಾರದ ಜಾತ್ರೆಯೂ ತಪ್ಪುತ್ತದೆ. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ, ಬೇಕಾದ್ದು ಮನಸ್ಸು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?