ಮಧ್ಯಾಹ್ನದ ಕಚೇರಿ, ಮುಂಜಾನೆಯ ಓಟ

ಟೋಕಿಯೊದ ಪಕ್ಕದಲ್ಲೇ ಇರುವ ಸೈತಾಮಾ ಪ್ರಾಂತ್ಯದ ಕಸುಕಾಬೆಯಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ. ಅಲ್ಲಿ ಸಂಜೆ ತರಗತಿಗಳೂ ನಡೆಯುತ್ತವೆ. ಆ ಸಂಜೆ ಶಾಲೆಯ ಕಚೇರಿಗೆ ಕೆಲವು ವರ್ಷ ಒಬ್ಬ ತೆಳ್ಳನೆಯ ಗುಮಾಸ್ತರು ಮಧ್ಯಾಹ್ನ 12.45ಕ್ಕೆ ಹಾಜರಾಗಿ, ರಾತ್ರಿ 9.15ಕ್ಕೆ ಮನೆಗೆ ಹೊರಡುತ್ತಿದ್ದರು. ಕಡತ, ಅರ್ಜಿ, ದೂರವಾಣಿ. ನಮ್ಮ ಶಾಲೆಗಳಲ್ಲಿ ದ್ವಿತೀಯ ದರ್ಜೆ ಸಹಾಯಕರು ಮಾಡುವಂಥ ಕೆಲಸವೇ. ಹೀಗೆ ಕೆಲಸ ಮಾಡುತ್ತಲೇ ಅವರು ಜಪಾನ್ ತಂಡದ ಪರವಾಗಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದರು, ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2018ರಲ್ಲಿ, ಆಗಲೂ ಸರ್ಕಾರಿ ನೌಕರರಾಗಿಯೇ, ಬೋಸ್ಟನ್ ಮ್ಯಾರಥಾನ್‌ನ ಪ್ರಶಸ್ತಿ ಹೊತ್ತು ತಂದರು. ಹೆಸರು ಯುಕಿ ಕವಾವುಚಿ.

ಈ ಕಥೆಯನ್ನು ಛಲದ ಕಥೆಯಾಗಿ ಹೇಳುವುದು ಸುಲಭ. ಹಗಲೆಲ್ಲ ದುಡಿದು, ನಿದ್ದೆಗೆಟ್ಟು, ಹುಚ್ಚು ಹಿಡಿದವರಂತೆ ಅಭ್ಯಾಸ ಮಾಡಿ ಗೆದ್ದರು ಎಂದುಬಿಟ್ಟರೆ ಆಯಿತು. ಆದರೆ ಲೆಕ್ಕ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕವಾವುಚಿ ತಮ್ಮ ಎದುರಾಳಿಗಳಿಗಿಂತ ಬಹಳ ಕಡಿಮೆ ಓಡುತ್ತಿದ್ದರು. ಅವರಿಗೆ ಇದ್ದದ್ದೇ ಅಷ್ಟು ಸಮಯ.

ಜಪಾನಿನಲ್ಲಿ ದೂರದ ಓಟ ಎಂದರೆ ಕಂಪನಿಗಳ ಓಟ. ಕಾರು, ಉಕ್ಕು, ವಿದ್ಯುತ್, ಆಹಾರ, ಹೀಗೆ ನಾನಾ ಉದ್ಯಮಗಳ ದೊಡ್ಡ ಕಂಪನಿಗಳು ಓಟಗಾರರನ್ನು ನೌಕರರೆಂದು ಸೇರಿಸಿಕೊಳ್ಳುತ್ತವೆ. ಸಂಬಳ ಕಂಪನಿಯದು, ವಸತಿ ಕಂಪನಿಯದು, ತರಬೇತುದಾರರೂ ಕಂಪನಿಯವರೇ. ಕಚೇರಿಗೆ ಅರ್ಧ ದಿನ ಮುಖ ತೋರಿಸಿದರೆ ಸಾಕು, ಕೆಲವರಿಗೆ ಅದೂ ಬೇಕಿಲ್ಲ. ಪ್ರತಿ ಜನವರಿ 1ರಂದು ಗುಮ್ಮಾ ಪ್ರಾಂತ್ಯದಲ್ಲಿ ನಡೆಯುವ ಹೊಸವರ್ಷದ ಎಕಿಡೆನ್ ರಿಲೇಯಲ್ಲಿ ಏಳೇಳು ಜನರ ಈ ತಂಡಗಳು ಸುಮಾರು ನೂರು ಕಿಲೋಮೀಟರ್ ಓಡುತ್ತವೆ. ಇಡೀ ದೇಶ ಟಿ.ವಿ. ಮುಂದೆ ಕುಳಿತು ನೋಡುತ್ತದೆ. ಕಂಪನಿಯ ಓಟಗಾರರು ದಿನಕ್ಕೆ ಎರಡು ಬಾರಿ ಓಡುತ್ತಾರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟುವುದು ಅವರಲ್ಲಿ ವಿಶೇಷವೇನಲ್ಲ. ಕವಾವುಚಿ ಓಡುತ್ತಿದ್ದದ್ದು ದಿನಕ್ಕೊಮ್ಮೆ, ಕಚೇರಿಗೆ ಹೋಗುವ ಮುನ್ನ. ತಿಂಗಳಿಗೆ ಅಂದಾಜು ಆರುನೂರು ಕಿಲೋಮೀಟರ್.

ಈ ಮಿತವ್ಯಯ ಸಮಯದ ಬಡತನದಿಂದ ಮಾತ್ರ ಬಂದದ್ದಲ್ಲ. 1987ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರಿಗೆ ತಾಯಿಯೇ ಮೊದಲ ತರಬೇತುದಾರರು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಪಾರ್ಕಿನಲ್ಲಿ ಮಗನನ್ನು ಓಡಿಸುತ್ತಿದ್ದರು. ಸಮಯ ಚೆನ್ನಾಗಿರದಿದ್ದರೆ ಇನ್ನಷ್ಟು ಸುತ್ತು. ಹೈಸ್ಕೂಲಿನಲ್ಲಿ ಅಭ್ಯಾಸ ಇನ್ನೂ ಬಿಗಿಯಾಯಿತು, ಕಾಲು ಸೋತಿತು, ಗಾಯಗಳ ಮೇಲೆ ಗಾಯ. ಹಾಗಾಗಿ ಒಳ್ಳೆಯ ಓಟದ ತಂಡಗಳಿರುವ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಲಿಲ್ಲ. ಓಟಕ್ಕೆ ಅಷ್ಟೇನೂ ಹೆಸರಿಲ್ಲದ ಗಕುಶುಯಿನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ತರಬೇತುದಾರರು ಹೇಳಿಕೊಟ್ಟದ್ದು ಆಗಿನ ಜಪಾನಿಗೆ ವಿಚಿತ್ರವೆನಿಸುವ ಪಾಠ: ವಾರಕ್ಕೆ ಎರಡೇ ದಿನ ಕಷ್ಟಪಡು, ಉಳಿದ ದಿನ ಆರಾಮವಾಗಿ ಓಡು. ಗಾಯ ನಿಂತಿತು, ವೇಗ ಬಂತು. ಹೊಸವರ್ಷದ ಇನ್ನೊಂದು ಮಹಾ ರಿಲೇಯಾದ ಹಕೋನೆ ಎಕಿಡೆನ್‌ನಲ್ಲಿ, ಗಟ್ಟಿ ತಂಡವಿಲ್ಲದ ಕಾಲೇಜುಗಳ ಓಟಗಾರರನ್ನು ಆರಿಸಿ ಕಟ್ಟುವ ತಂಡಕ್ಕೆ ಆಯ್ಕೆಯಾಗಿ, 2007 ಮತ್ತು 2009ರಲ್ಲಿ ಬೆಟ್ಟ ಇಳಿಯುವ ಆರನೇ ಹಂತವನ್ನು ಓಡಿದರು. 2009ರಲ್ಲಿ ಪದವಿ ಮುಗಿಸಿ ಪ್ರಾಂತ್ಯ ಸರ್ಕಾರದ ನೌಕರಿಗೆ ಸೇರಿದರು.

ಮುಂದಿನ ಹತ್ತು ವರ್ಷದ ದಿನಚರಿ ಹೊರಗಿನವರಿಗೆ ನೀರಸವಾಗಿ ಕಂಡೀತು. ಬೆಳಗ್ಗೆ ಒಂದೂವರೆಯಿಂದ ಎರಡು ಗಂಟೆ ಓಟ. ಅದರಲ್ಲೂ ಬಹುಪಾಲು ನಿಧಾನದ ಜಾಗಿಂಗ್, ಅವರ ಮಟ್ಟದ ಓಟಗಾರರು ನಾಚಿಕೊಳ್ಳುವಷ್ಟು ನಿಧಾನ. ಆಮೇಲೆ ಸ್ನಾನ, ಊಟ, ಕಚೇರಿ. ವಾರದ ನಡುವೆ ಒಂದು ದಿನ ವೇಗದ ಸುತ್ತುಗಳು, ವಾರಾಂತ್ಯದಲ್ಲಿ ಒಂದು ಸ್ಪರ್ಧೆ ಅಥವಾ ದೀರ್ಘ ಓಟ. ಕಠಿಣ ದಿನಗಳು ಅಷ್ಟೇ.

ನಿಧಾನ ಓಟ ಕಾಟಾಚಾರದ್ದಲ್ಲ. ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಗಂಟೆಗಟ್ಟಲೆ ಕಾಲು ಆಡಿಸಿದಾಗ ಸ್ನಾಯುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ಕಲಿಯುತ್ತದೆ. ಸ್ನಾಯುಗಳಷ್ಟು ಬೇಗ ಗಟ್ಟಿಯಾಗದ ಸ್ನಾಯುರಜ್ಜು, ಮೂಳೆಗಳಿಗೂ ಹೊಂದಿಕೊಳ್ಳಲು ಬಿಡುವು ಸಿಗುತ್ತದೆ. ನೌಕರಿ ಮಾಡುತ್ತ ಓಡುವ ಬಹುತೇಕರು ಎಡವುವುದು ಇಲ್ಲಿಯೇ. ಇರುವುದೇ ಒಂದು ಗಂಟೆ, ಅದನ್ನು ವ್ಯರ್ಥ ಮಾಡಬಾರದೆಂದು ದಿನವೂ ಏದುಸಿರು ಬಿಡುತ್ತ ಓಡುತ್ತಾರೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದರೂ ಈ ಅವಸರ ಕಣ್ಣಿಗೆ ಬೀಳುತ್ತದೆ. ನಿಧಾನದ ದಿನ ಸಾಕಷ್ಟು ನಿಧಾನವಿಲ್ಲ, ವೇಗದ ದಿನ ಬಂದಾಗ ಕಾಲಲ್ಲಿ ಕಸುವಿಲ್ಲ.

ಇನ್ನು ವಾರಾಂತ್ಯದ ಸ್ಪರ್ಧೆಗಳ ವಿಷಯ. ಕವಾವುಚಿಯವರ ಬಗ್ಗೆ ಹೆಚ್ಚು ಚರ್ಚೆ, ಟೀಕೆ ಎರಡೂ ಆದದ್ದು ಇದಕ್ಕೇ. ವೃತ್ತಿಪರರು ವರ್ಷಕ್ಕೆ ಎರಡು ಮ್ಯಾರಥಾನ್ ಓಡಿದರೆ ಹೆಚ್ಚು. ಕವಾವುಚಿ 2013ರ ಒಂದೇ ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಓಡಿದರು. ಹುಚ್ಚು ಎಂದವರೇ ಹೆಚ್ಚು. ಆದರೆ ಅವರ ದೃಷ್ಟಿಯಿಂದ ನೋಡಿ. ಜೊತೆಗೆ ಓಡಲು ತಂಡವಿಲ್ಲ, ನೀರು ಕೊಡುವವರಿಲ್ಲ, ಸಮಯ ಬರೆದುಕೊಳ್ಳುವವರಿಲ್ಲ. ಊರಿನ ಒಂದು ಸಣ್ಣ ಸ್ಪರ್ಧೆಗೆ ಹೆಸರು ಕೊಟ್ಟರೆ ಇವೆಲ್ಲ ಒಟ್ಟಿಗೆ ಸಿಗುತ್ತವೆ: ವಾಹನಗಳಿಲ್ಲದ ರಸ್ತೆ, ಅಳೆದ ದೂರ, ಐದು ಕಿಲೋಮೀಟರಿಗೊಂದು ನೀರಿನ ಮೇಜು, ಬೆನ್ನಟ್ಟಲು ಜನ. ಕಂಪನಿಗಳು ಲಕ್ಷಾಂತರ ಯೆನ್ ಸುರಿದು ಏರ್ಪಡಿಸುವ ತರಬೇತಿ ಶಿಬಿರ ಅವರಿಗೆ ಪ್ರವೇಶ ಶುಲ್ಕದಲ್ಲಿ ಮುಗಿಯುತ್ತಿತ್ತು.

ಹಾಗೆಂದು ಈ ಭಾಗವನ್ನು ಓದುಗರು ನಕಲು ಮಾಡಬೇಕಾಗಿಲ್ಲ. ವಾರದ ಐದು ದಿನ ನಿಜಕ್ಕೂ ಮೆಲ್ಲಗೆ ಓಡುವ ಶಿಸ್ತು, ಹತ್ತಾರು ವರ್ಷ ಹದಗೊಂಡ ಕಾಲುಗಳು, ಎರಡೂ ಇದ್ದವರಿಗಷ್ಟೇ ಇದು ದಕ್ಕೀತು.

2011ರ ಫೆಬ್ರುವರಿಯಲ್ಲಿ ಟೋಕಿಯೊ ಮ್ಯಾರಥಾನ್‌ನಲ್ಲಿ ಅವರು 2 ಗಂಟೆ 8 ನಿಮಿಷ 37 ಸೆಕೆಂಡಿನಲ್ಲಿ ಮೂರನೆಯವರಾಗಿ ಗುರಿ ಮುಟ್ಟಿದಾಗ ಜಪಾನಿಗೆ ಆಘಾತವೇ ಆಯಿತು. ಒಂದು ಕಿಲೋಮೀಟರಿಗೆ ಸುಮಾರು 3 ನಿಮಿಷ 3 ಸೆಕೆಂಡಿನ ವೇಗ, ಅದೂ 42.195 ಕಿಲೋಮೀಟರ್ ಉದ್ದಕ್ಕೂ. ಕಂಪನಿಗಳ ತಾರೆಯರೆಲ್ಲ ಹಿಂದೆ, ಸಂಜೆ ಶಾಲೆಯ ಗುಮಾಸ್ತರು ಜಪಾನೀಯರಲ್ಲೇ ಮೊದಲಿಗರು. ಗೆರೆ ದಾಟಿದ್ದೇ ಕುಸಿದುಬಿದ್ದು ವೈದ್ಯರ ಕೋಣೆ ಸೇರಿದರು. ಕಂಪನಿಗಳಿಂದ ಆಹ್ವಾನ ಬಂತು, ಅವರು ಒಪ್ಪಲಿಲ್ಲ. ಮರುವರ್ಷ ಅದೇ ಟೋಕಿಯೊದಲ್ಲಿ 14ನೆಯವರಾಗಿ ಲಂಡನ್ ಒಲಿಂಪಿಕ್ಸ್ ಕೈತಪ್ಪಿದಾಗ, ಬೆಂಬಲಿಸಿದವರ ಕ್ಷಮೆ ಕೇಳಲು ತಲೆ ಬೋಳಿಸಿಕೊಂಡರು. ಆದರೆ ಕೆಲಸಕ್ಕೆ ರಜೆ ಹಾಕಿ ಕೊರಗಲಿಲ್ಲ, ಸ್ಪರ್ಧೆಗಳನ್ನೂ ಕಡಿಮೆ ಮಾಡಲಿಲ್ಲ.

ಸರ್ಕಾರಿ ನೌಕರರಾದ್ದರಿಂದ ಪ್ರಾಯೋಜಕರ ಹಣವನ್ನಾಗಲಿ, ಸ್ಪರ್ಧೆಗೆ ಬಂದದ್ದಕ್ಕೆಂದು ಆಯೋಜಕರು ಕೊಡುವ ಸಂಭಾವನೆಯನ್ನಾಗಲಿ ತೆಗೆದುಕೊಳ್ಳುವಂತಿರಲಿಲ್ಲ. 2013ರ ಜನವರಿಯಲ್ಲಿ ಈಜಿಪ್ಟಿನ ಲಕ್ಸರ್‌ಗೆ ಹೊರಟಾಗ ಪಾಸ್‌ಪೋರ್ಟ್ ಮನೆಯಲ್ಲೇ ಮರೆತಿದ್ದರು! ವಿಮಾನ ಹೋಯಿತು. ಸ್ವಂತ ಹಣದಲ್ಲಿ ಮತ್ತೊಂದು ಟಿಕೆಟ್ ಕೊಂಡು, ಹೇಗೋ ತಲುಪಿ, ಕೂಟ ದಾಖಲೆಯೊಂದಿಗೆ ಗೆದ್ದು ಬಂದರು. ಎರಡೇ ವಾರದ ನಂತರ ಬೆಪ್ಪು–ಓಯಿತಾ ಮ್ಯಾರಥಾನ್‌ನಲ್ಲಿ 2:08:15. ಮಾರ್ಚ್‌ನಲ್ಲಿ ಸೋಲ್‌ನಲ್ಲಿ 2:08:14. ಇಷ್ಟು ಹತ್ತಿರ ಹತ್ತಿರದಲ್ಲಿ ಇಂಥ ಸಮಯಗಳು ಬರುತ್ತವೆಂದು ತರಬೇತಿಯ ಯಾವ ಪುಸ್ತಕ ಓದಿದವರೂ ನಂಬುತ್ತಿರಲಿಲ್ಲ.

ಜಪಾನಿನ ಮ್ಯಾರಥಾನ್ ಋತು ಶರತ್ಕಾಲದಿಂದ ವಸಂತದ ಆರಂಭದವರೆಗೆ. ಬೇಸಿಗೆಯ ಧಗೆ ಮತ್ತು ಬೆವರಿಳಿಸುವ ತೇವದಲ್ಲಿ ಕಂಪನಿ ತಂಡಗಳು ಉತ್ತರದ ಹೊಕ್ಕೈಡೊಗೋ, ಎತ್ತರದ ತಾಣಗಳಿಗೋ ಹೊರಟುಹೋಗುತ್ತವೆ. ಗುಮಾಸ್ತರಿಗೆ ಅಷ್ಟು ರಜೆ ಎಲ್ಲಿಯದು? ಅವರು ಬೆಟ್ಟದ ಕಾಲುದಾರಿಗಳನ್ನು ಹಿಡಿಯುತ್ತಿದ್ದರು. ಮರದ ನೆರಳಿನಲ್ಲಿ, ಮಣ್ಣಿನ ನೆಲದಲ್ಲಿ, ಗಡಿಯಾರದ ಹಂಗಿಲ್ಲದೆ ಗಂಟೆಗಟ್ಟಲೆ ಮೆಲ್ಲಗಿನ ಓಟ. ಜೂನ್‌ನಲ್ಲಿ ಒಕಿ ದ್ವೀಪದ 50 ಕಿಲೋಮೀಟರ್ ಓಟ. ಜುಲೈನಲ್ಲಿ ಎಷ್ಟೋ ಬಾರಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್, ಏಕೆಂದರೆ ಅಲ್ಲಿ ಆಗ ಚಳಿಗಾಲ. ವಿರಾಮದ ಋತುವನ್ನು ಅವರು ವಿರಾಮವಾಗಿ ಅಲ್ಲ, ಪ್ರವಾಸವಾಗಿ ಕಳೆದರು ಎನ್ನಬಹುದು.

ತಮಾಷೆಯೂ ಅವರಿಗೆ ಇಷ್ಟ. ತಮ್ಮೂರು ಕುಕಿಯ ಹಾಫ್ ಮ್ಯಾರಥಾನ್‌ಗೆ ಒಮ್ಮೆ ಕೋಟು, ಪ್ಯಾಂಟು, ಟೈ ಧರಿಸಿ ಬಂದು 1:06:42ರಲ್ಲಿ ಓಡಿ ಮುಗಿಸಿದರು. ಇನ್ನೊಮ್ಮೆ ಪಾಂಡಾ ವೇಷ. ಸ್ಪರ್ಧೆಯ ಹಿಂದಿನ ರಾತ್ರಿ ಅಳತೆಮಾಡಿದ ಆಹಾರದ ಬದಲು ತಟ್ಟೆ ತುಂಬ ಕರ್ರಿ ಮತ್ತು ಅನ್ನ. ಅನ್ನ–ಸಾರು ಉಂಡು ಬೆಳೆದ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಮ್ಯಾರಥಾನ್ ಓಟಗಾರರಿಗೆ ಬೇಕಾದ ಪಿಷ್ಟ ಅನ್ನದಲ್ಲಿ ಧಾರಾಳ.

2018ರ ಜನವರಿ 1ರಂದು, ಜಪಾನಿನ ಕಂಪನಿಗಳೆಲ್ಲ ಎಕಿಡೆನ್‌ನಲ್ಲಿ ಮುಳುಗಿದ್ದಾಗ, ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಷ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿದ್ದರು. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿ, ಕೈಬೆರಳೆಣಿಕೆಯ ಓಟಗಾರರು. ಮ್ಯಾರಥಾನನ್ನು 2:18:59ರಲ್ಲಿ ಮುಗಿಸಿದರು. ಏಪ್ರಿಲ್ 16ರಂದು ಅದೇ ರಾಜ್ಯದ ಬೋಸ್ಟನ್‌ನಲ್ಲಿ ಮಳೆ, ಎದುರುಗಾಳಿ, ಮೂರ್ನಾಲ್ಕು ಡಿಗ್ರಿ ಚಳಿ. ಆಫ್ರಿಕಾದ ದಿಗ್ಗಜರು ಒಬ್ಬೊಬ್ಬರಾಗಿ ನಡುಗಿ ನಿಂತರು. ಕವಾವುಚಿ ಮೊದಲ ಮೈಲಿಯನ್ನೇ 4 ನಿಮಿಷ 37 ಸೆಕೆಂಡಿಗೆ ಓಡಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದರು. ಕೊನೆಯ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ, ಬಹಳ ಮುಂದಿದ್ದ ಹಿಂದಿನ ವರ್ಷದ ವಿಜೇತ, ಕೆನ್ಯಾದ ಜೆಫ್ರಿ ಕಿರುಯಿ ಅವರನ್ನು ದಾಟಿದರು. ಸಮಯ 2:15:58. 1987ರಲ್ಲಿ ತೊಶಿಹಿಕೊ ಸೆಕೊ ಗೆದ್ದ ಮೇಲೆ ಬೋಸ್ಟನ್ ಗೆದ್ದ ಮೊದಲ ಜಪಾನಿ ಪುರುಷ. ಈ ಹವಾಮಾನ ತನಗೆ ಹೇಳಿಮಾಡಿಸಿದ್ದು ಎಂದರಂತೆ. ಮಾರ್ಷ್‌ಫೀಲ್ಡ್‌ನ ಚಳಿ ತಿಂದವರಿಗೆ ಹಾಗೆನ್ನುವ ಹಕ್ಕಿದೆ.

ಅಂದಿನ ಮಹಿಳೆಯರ ಓಟದಲ್ಲೂ ಇಂಥದೇ ಒಂದು ಸೋಜಿಗ. ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಅರಿವಳಿಕೆ ವಿಭಾಗದಲ್ಲಿ ದುಡಿಯುವ ನರ್ಸ್. ಪ್ರವೇಶ ಶುಲ್ಕವನ್ನು ಸ್ವಂತ ಜೇಬಿನಿಂದಲೇ ಕಟ್ಟಿದ್ದರು, ಗೆದ್ದದ್ದು 75,000 ಡಾಲರ್. ಪಾಳಿ ಮುಗಿಸಿ ಕತ್ತಲಲ್ಲಿ, ಎಂಥ ಹವೆಯಲ್ಲೂ ಓಡಿ ಅಭ್ಯಾಸವಿರುವವರಿಗೆ ಕೆಟ್ಟ ದಿನವೇ ಒಳ್ಳೆಯ ದಿನವಾಗುವುದುಂಟು.

2019ರ ಏಪ್ರಿಲ್‌ನಲ್ಲಿ ಕವಾವುಚಿ ಸರ್ಕಾರಿ ಕೆಲಸ ಬಿಟ್ಟು ವೃತ್ತಿಪರ ಓಟಗಾರರಾದರು. ಇಡೀ ದಿನ ಕೈಗೆ ಬಂತು. ವೇಗ ಬಂತೇ? ತಮ್ಮ 2013ರ ವೈಯಕ್ತಿಕ ದಾಖಲೆಯನ್ನು ಮುರಿದದ್ದು 2021ರ ಫೆಬ್ರುವರಿಯಲ್ಲಿ, ಬಿವಾ ಸರೋವರದ ಮ್ಯಾರಥಾನ್‌ನಲ್ಲಿ, 33ನೇ ವಯಸ್ಸಿನಲ್ಲಿ: 2:07:27. ಸಂತೋಷದ ವಿಷಯವೇ, ಆದರೆ ಅಷ್ಟರಲ್ಲಿ ಕಾರ್ಬನ್ ಪಟ್ಟಿಯಿರುವ ಹೊಸ ಬಗೆಯ ಶೂಗಳು ಬಂದು ಎಲ್ಲರ ಸಮಯವೂ ಇಳಿದಿತ್ತು. ಅಂದು ಕೆಂಗೊ ಸುಜುಕಿ 2:04:56 ಓಡಿ ರಾಷ್ಟ್ರೀಯ ದಾಖಲೆ ಬರೆದರು, ಕವಾವುಚಿಗೆ ಸಿಕ್ಕಿದ್ದು ಹತ್ತನೇ ಸ್ಥಾನ. ಕಚೇರಿ ಅವರನ್ನು ಹಿಂದಕ್ಕೆ ಎಳೆದಿತ್ತೋ ಇಲ್ಲವೋ ಎಂಬುದನ್ನು ಈ ಅಂಕಿಗಳಿಂದ ತೀರ್ಮಾನಿಸಲಾಗದು. 2 ಗಂಟೆ 20 ನಿಮಿಷದೊಳಗೆ ನೂರು ಮ್ಯಾರಥಾನ್ ಮುಗಿಸಿದ ಅವರ ದಾಖಲೆಯ ಬಹುಪಾಲು ಗುಮಾಸ್ತಗಿರಿಯ ಕಾಲದ ದುಡಿಮೆ ಎಂಬುದು ಮಾತ್ರ ಖಚಿತ.

2023ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಜಪಾನ್ ತಂಡವನ್ನು ಆರಿಸುವ ಓಟ ಟೋಕಿಯೊದಲ್ಲಿ ನಡೆಯಿತು. ಆ ದಿನವೂ ಮಳೆ. 36 ವರ್ಷದ ಕವಾವುಚಿ ಆರಂಭದಲ್ಲೇ ಗುಂಪನ್ನು ಬಿಟ್ಟು ಒಬ್ಬರೇ ಮುಂದೆ ಹೊರಟರು. ಹಿಂದಿನ ಗುಂಪು ಅವರನ್ನು ಹಿಡಿದದ್ದು ಸುಮಾರು 35 ಕಿಲೋಮೀಟರ್ ದಾಟಿದ ಮೇಲೆ. ಅಂದು ನೇರ ಟಿಕೆಟ್ ಇದ್ದದ್ದು ಮೊದಲ ಇಬ್ಬರಿಗೆ. ಅವರು 2:09:18ರಲ್ಲಿ ನಾಲ್ಕನೆಯವರಾದರು.